ಡೆಲ್ಮರ್ ಹಾಕಿದ ಸಹಿ

ಕೋಳಿಮರಿಗಳು ಅಷ್ಟು ಜೋರಾಗಿ ಚೀರದೇ ಇದ್ದಿದ್ದರೆ ಡೆಲ್ಮರ್ ಏಲರ್ಸ್ ಆ ಹಸಿರು ಚೀಟಿಗೆ ಸಹಿ ಹಾಕುತ್ತಲೇ ಇರಲಿಲ್ಲ.

ಮೇ ತಿಂಗಳ ಆ ಬೆಳಗ್ಗೆ ಅಯೋವಾದ ನೋರ್ಬಿ ಎಂಬ ಪುಟ್ಟ ಊರಿನ ಅಂಚೆ ಕಚೇರಿಗೆ ಅವನು ಹೋಗಿದ್ದು ಮರಿಗಳನ್ನು ತರುವುದಕ್ಕೆ. ಪ್ರತಿವರ್ಷದಂತೆ ಐವತ್ತು ಮರಿಗಳು ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಅಂಚೆಯಲ್ಲಿ ಬಂದಿದ್ದವು. ಪೆಟ್ಟಿಗೆ ಕೌಂಟರಿನ ಮೇಲೆ ಒಗ್ಗರಣೆ ಸಿಡಿದಂತೆ ಸಿಡಿಯುತ್ತಿತ್ತು. ಅಂಚೆ ನೋಡಿಕೊಳ್ಳುವ ಲವಾನ್ ಒಂದು ಕಿವಿ ಮುಚ್ಚಿಕೊಂಡೇ ಒಂದು ಲಕೋಟೆ, ಎರಡು ಚೀಟಿ ಮುಂದೆ ತಳ್ಳಿದಳು.

"ಇಲ್ಲೊಂದು, ಇಲ್ಲೊಂದು. ಬೇಗ ಹಾಕು ಡೆಲ್ಮರ್. ಆರು ಗಂಟೆಯಿಂದ ನನ್ನ ತಲೆ ತಿಂತಿವೆ ಇವು."

ಡೆಲ್ಮರ್ ಎರಡಕ್ಕೂ ಹಾಕಿದ. ಅರವತ್ತೊಂದು ವರ್ಷದ ಬಾಳಿನಲ್ಲಿ ಮುಂದೆ ಕಾಗದ ಇಟ್ಟು ಕೈಗೆ ಪೆನ್ನು ಕೊಟ್ಟವರಿಗೆ ಅವನು ಒಮ್ಮೆಯೂ ಬೇಡ ಅಂದವನಲ್ಲ. ಹಾಗಾಗಿಯೇ ಸ್ವರವಿಲ್ಲದ ಗಂಟಲಿಟ್ಟುಕೊಂಡು ಎರಡು ವರ್ಷ ಚರ್ಚಿನಲ್ಲಿ ಹಾಡುವವರ ಸಾಲಿನಲ್ಲಿ ನಿಂತಿದ್ದ. ಊರಿನ ಹಳೇ ನೀರಿನ ಟ್ಯಾಂಕು ಉಳಿಸಬೇಕೆಂಬ ಮನವಿಗೂ, ಅದನ್ನು ಕೆಡವಬೇಕೆಂಬ ಮನವಿಗೂ ಒಂದೇ ವಾರದಲ್ಲಿ ಸಹಿ ಮಾಡಿದ್ದ.

ಪೆಟ್ಟಿಗೆಯನ್ನು ಪಿಕಪ್ಪಿನ ಸೀಟಿನ ಮೇಲಿಟ್ಟು, ಮರಿಗಳಿಗೆ ಚಳಿಯಾಗದಿರಲೆಂದು ಹೀಟರನ್ನು ಪೂರ್ತಿ ತಿರುಗಿಸಿ, ಜೊತೆಗೆ ಬಂದ ಲಕೋಟೆಯನ್ನು ಒಡೆದು ನೋಡಿದ. ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಹೀಟರಿನ ಬಿಸಿ ಸಾಲದೆಂಬಂತೆ ಅವನ ಕಿವಿಗಳೂ ಬಿಸಿಯಾದವು.

ಅದು ಪೈಪ್‌ಲೈನ್ ಕಂಪನಿಯ ರಿಜಿಸ್ಟರ್ ಕಾಗದ. ಹಸಿರು ಚೀಟಿ ಅದು ತಲುಪಿತೆಂಬ ರಸೀದಿ.

ಮೆಕ್ಕೆಜೋಳದಿಂದ ಎಥನಾಲ್ ಮಾಡುವ ಕಾರ್ಖಾನೆಗಳಿಂದ ಹೊರಬರುವ ಇಂಗಾಲದ ಗಾಳಿಯನ್ನು ಹಿಡಿದು, ನೂರಾರು ಹೊಲಗಳ ಅಡಿಯಲ್ಲಿ ಪೈಪು ಹಾಯಿಸಿ, ದೂರದ ಬೇರೊಂದು ರಾಜ್ಯದಲ್ಲಿ ಹೂಳುತ್ತೇವೆ ಎಂದು ಕಂಪನಿ ಹೊರಟಿತ್ತು. ಹೊಲ ಅಳೆಯಲು ಬರುವ ಮುಂಚೆ ರೈತನಿಗೆ ರಿಜಿಸ್ಟರ್ ಕಾಗದ ಕಳಿಸಬೇಕು ಎಂಬುದು ಕಾನೂನು. ಅದಕ್ಕೆ ಆರ್ಡಿಸ್ ಟೀಚರ್ ಒಂದು ಉಪಾಯ ಹೂಡಿದ್ದರು. ನೋರ್ಬಿಯ ಅರ್ಧ ಊರಿಗೆ ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಹೇಳಿಕೊಟ್ಟ, ಎಪ್ಪತ್ತನಾಲ್ಕು ದಾಟಿದ ಈ ಹೆಂಗಸು ಪೈಪ್‌ಲೈನ್ ವಿರೋಧಿ ಸಂಘದ ಅಧ್ಯಕ್ಷೆ. "ಯಾರೂ ಕಾಗದ ಮುಟ್ಟಕೂಡದು. ಸಹಿ ಹಾಕಕೂಡದು. ಬಂದದ್ದು ಬಂದ ಹಾಗೇ ವಾಪಸ್ ಹೋಗಲಿ," ಎಂದು ಅಪ್ಪಣೆ ಮಾಡಿದ್ದರು. ಹದಿನಾಲ್ಕು ತಿಂಗಳಿಂದ ಒಬ್ಬನೂ ಮುಟ್ಟಿರಲಿಲ್ಲ. ಕಾಗದ ತಲುಪದೆ ಹೊಲ ಅಳೆಯಬಹುದೇ ಎಂಬ ವ್ಯಾಜ್ಯ ಕೋರ್ಟಿನಲ್ಲಿತ್ತು. ನೋರ್ಬಿಯಲ್ಲಿ "ಸಹಿ ಹಾಕಿದ" ಎಂದರೆ ಈಗ ಒಂದೇ ಅರ್ಥ: ಊರನ್ನು ಕಂಪನಿಗೆ ಒಪ್ಪಿಸಿದ.

ಡೆಲ್ಮರ್ ಮತ್ತೆ ಅಂಚೆ ಕಚೇರಿಗೆ ಓಡಿದ.

"ಲವಾನ್, ಆ ಹಸಿರು ಚೀಟಿ ವಾಪಸ್ ಕೊಡು."

"ಚೀಟಿ ಚೀಲಕ್ಕೆ ಹೋಯ್ತು, ಚೀಲ ವ್ಯಾನಿಗೆ ಹೋಯ್ತು, ವ್ಯಾನು ಅಗೋ, ಚರ್ಚ್ ಹತ್ರ ತಿರುಗ್ತಾ ಇದೆ."

"ಯಾರಿಗೂ ಹೇಳ್ಬೇಡ ಮತ್ತೆ."

"ನಾನ್ಯಾಕಪ್ಪ ಹೇಳ್ಲಿ," ಎಂದಳು ಲವಾನ್. ಆಮೇಲೆ ಸುಳ್ಳು ಹೇಳಲಾರದ ಹೆಂಗಸಾದ್ದರಿಂದ ಸೇರಿಸಿದಳು: "ಈಗ ತಾನೇ ಸ್ಟಾಂಪಿಗೆ ಬಂದಿದ್ದ ವರ್ಲನ್‌ಗೆ ಬಿಟ್ಟು."

ವರ್ಲನ್ ಕ್ರೂಸ್ ಡೆಲ್ಮರ್‌ನ ಪಕ್ಕದ ಹೊಲದವನು. ನಲವತ್ತು ವರ್ಷದಿಂದ ಒಬ್ಬರ ಯಂತ್ರ ಒಬ್ಬರು ಎರವಲು ತಂದು, ಕೆಡಿಸಿ ವಾಪಸ್ ಕೊಟ್ಟು, ಬೈದುಕೊಂಡು ಅನ್ಯೋನ್ಯವಾಗಿದ್ದವರು. ಮರಿಗಳ ಮೇವಿಗೆಂದು ಡೆಲ್ಮರ್ ಸಹಕಾರ ಸಂಘದ ಅಂಗಡಿಗೆ ಹೋದಾಗ ವರ್ಲನ್ ಅಲ್ಲಿ ಆರೇಳು ಜನರ ನಡುವೆ ಕಾಫಿ ಹಿಡಿದು ಕೂತಿದ್ದ.

"ಹಾಕಿದ್ಯಂತೆ," ಎಂದ ವರ್ಲನ್, ಕಾಫಿ ಲೋಟದೊಳಕ್ಕೆ ನೋಡುತ್ತ.

"ಹಾಕ್ದೆ. ಆದ್ರೆ ನೀವೆಲ್ಲ ಅಂದ್ಕೊಂಡಿರೋ ಥರ ಹಾಕಿಲ್ಲ."

"ಸಹಿ ಹಾಕೋದ್ರಲ್ಲಿ ಎಷ್ಟು ಥರ ಇದೆಯಯ್ಯ?"

"ಮರಿ ಬಂದಿದ್ವು ವರ್ಲನ್. ಮರಿಗೆ ಅಂತ ಹಾಕ್ದೆ. ಅದರ ಜೊತೆ ಇದೂ ಸೇರ್ಕೊಂಡ್ಬಿಡ್ತು."

"ಸರಿ. ಮಗ ಕೇಳಿದ್ರೆ ಹಾಗೇ ಹೇಳ್ತೀನಿ. ಕೋಳಿಮರಿ ಜೊತೆ ನಮ್ಮ ಹೊಲಾನೂ ಸೇರ್ಕೊಂಡ್ಬಿಡ್ತು ಕಣೋ ಅಂತ." ವರ್ಲನ್ ಈಗ ತಲೆಯೆತ್ತಿ ನೋಡಿದ. "ಯಾಕ್ ಹಿಂಗೆ ಬೆವರ್ತಿದೀಯ?"

"ಗಾಡೀಲಿ ಹೀಟರ್ ಹಾಕಿದ್ದೆ."

"ಮೇ ತಿಂಗಳಲ್ಲಿ," ಎಂದ ವರ್ಲನ್. ಆರೇಳು ಜನ ಒಟ್ಟಿಗೆ ತಲೆಯಾಡಿಸಿದರು. ತಪ್ಪು ಮಾಡದವನು ಮೇ ತಿಂಗಳಲ್ಲಿ ಹೀಟರ್ ಹಾಕುತ್ತಾನೆಯೇ.

ವರ್ಲನ್‌ನ ಕೋಪಕ್ಕೆ ಕಾರಣವಿತ್ತು. ಆ ಭಾಗದ ಹೊಲಗಳೆಲ್ಲ ಒಂದು ಕಾಲಕ್ಕೆ ಜೌಗು. ಅಜ್ಜಂದಿರು ನೆಲದಡಿ ಮಣ್ಣಿನ ಕೊಳವೆ ಹೂತು, ನೀರು ಬಸಿದು, ಉಳುವ ಭೂಮಿ ಮಾಡಿದ್ದರು. ಪೈಪ್‌ಲೈನಿನ ಅಗೆತಕ್ಕೆ ಆ ಕೊಳವೆಗಳು ಒಡೆದರೆ ವರ್ಲನ್‌ನ ಹೊಲದಲ್ಲಿ ಬಾತುಕೋಳಿ ಈಜಬೇಕು, ಅಷ್ಟೆ. ಸಂಘಕ್ಕೆ ವಕೀಲೆಯಾಗಿ ಬಂದಿದ್ದ ಮಾರ್ಗಿಟ್ ಎಂಬ ಹುಡುಗಿಯದು ಬೇರೆ ಚಿಂತೆ. ಅವಳು ಪಟ್ಟಣದ ಪರಿಸರ ಸಂಸ್ಥೆಯವಳು, ಮಾಂಸ ತಿನ್ನದವಳು, ಬ್ಯಾಟರಿ ಕಾರಿನವಳು. ಗಾಳಿಯನ್ನು ಹೂಳುತ್ತೇವೆಂಬ ನೆಪದಲ್ಲಿ ಹೊಗೆ ಬಿಡುವ ಕಾರ್ಖಾನೆಗಳು ಇನ್ನೂ ಐವತ್ತು ವರ್ಷ ಹೊಗೆ ಬಿಡುತ್ತವೆ, ಭೂಮಿ ಇನ್ನೂ ಬಿಸಿಯಾಗುತ್ತದೆ ಎಂದು ಅವಳು ಹೇಳಿದರೆ ವರ್ಲನ್, "ಆಗ್ಲಿ ಬಿಡಮ್ಮ, ನನ್ನ ಹೊಲ ಕೆರೆಯಾದ್ರೆ ತಣ್ಣಗಾಗುತ್ತೆ," ಎನ್ನುತ್ತಿದ್ದ. ಆದರೂ ಹಂದಿ ಸಾಕುವವರು ಅವಳಿಗೆಂದೇ ಬೀನ್ಸ್ ಬೇಯಿಸಿ ತರುವಷ್ಟು ಹೊಂದಿಕೆ ಬೆಳೆದಿತ್ತು. ಪೈಪು ಬರಕೂಡದು ಎಂಬ ಒಂದು ಮಾತಿನ ಮೇಲೆ ಊರೇ ನಿಂತಿತ್ತು. ಆ ಒಂದು ಮಾತನ್ನೇ ಡೆಲ್ಮರ್ ಮುರಿದಿದ್ದ.

ಅವನು ಮನೆ ಸೇರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ತಲುಪಿ, ದಾರಿಯಲ್ಲಿ ಮೈಕೈ ತುಂಬಿಕೊಂಡಿತ್ತು. ಪೆಟ್ರೋಲ್ ಬಂಕಿನಲ್ಲಿ ಅವನು ತನ್ನ ಹೊಲಕ್ಕಷ್ಟೇ ಸಹಿ ಹಾಕಿದ್ದ. ಕ್ಷೌರದಂಗಡಿಯಲ್ಲಿ ತೀರಿಹೋದ ಅಣ್ಣನ ಹೊಲಕ್ಕೂ ಹಾಕಿದ್ದ. ಚರ್ಚಿನ ಅಡುಗೆಮನೆಗೆ ಬರುವಾಗ ಕಂಪನಿಯವರು ಅವನಿಗೆ ಒಂದು ಪೆಟ್ಟಿಗೆ ತುಂಬ ಏನೋ ಕೊಟ್ಟು ಕಳಿಸಿದ್ದರು. ಪೆಟ್ಟಿಗೆಯನ್ನು ಹೊತ್ತು ನಡೆದದ್ದನ್ನು ಕಣ್ಣಾರೆ ಕಂಡವರಿದ್ದರು.

ಮನೆಯಂಗಳದಲ್ಲಿ ಹೆಂಡತಿ ಜೋಲೀನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಮುಂದೆ ಹುಲ್ಲಿನಲ್ಲಿ ಎರಡು ತೂತು. "ಈ ಹೊಲ ಮಾರಾಟಕ್ಕಿಲ್ಲ, ಪೈಪಿಗೂ ಇಲ್ಲ" ಎಂಬ ಬೋರ್ಡು ಅಲ್ಲಿ ಇರಬೇಕಿತ್ತು.

"ಟೀಚರ್ ಬಂದು ಕಿತ್ಕೊಂಡ್ಹೋದ್ರು," ಎಂದಳು ಜೋಲೀನ್. "ಒಂದು ಮಾತಾಡ್ಲಿಲ್ಲ. ಎಳೆದ್ರು, ಡಿಕ್ಕಿಗೆ ಹಾಕಿದ್ರು, ಹೋದ್ರು. ಆ ವಯಸ್ಸಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬಂತೋ. ಏನ್ ಮಾಡ್ದೆ ನೀನು?"

ಡೆಲ್ಮರ್ ಹೇಳಿದ. ಜೋಲೀನ್ ಪೆಟ್ಟಿಗೆಯನ್ನು ಕಸಿದುಕೊಂಡು, ಮರಿಗಳನ್ನು ಕೊಟ್ಟಿಗೆಯ ದೀಪದಡಿ ಬಿಟ್ಟು, ನೀರಿಟ್ಟು ಬಂದಳು.

"ನಮ್ಮ ಮದುವೆ ದಿನ ಪಾದ್ರಿ ಪುಸ್ತಕ ಕೊಟ್ಟಾಗ, ನನ್ನ ಜಾಗದಲ್ಲೂ ನೀನೇ ಹಾಕಿದ್ಯಲ್ಲ," ಎಂದಳು ಕೊನೆಗೆ. "ಅವತ್ತೇ ನಂಗೆ ತಿಳೀಬೇಕಿತ್ತು."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಡೆಲ್ಮರ್ ಎತ್ತಿದ. ಯಾರೋ ಗಂಟಲು ಸರಿಮಾಡಿಕೊಂಡು, "ನಿನ್ನಪ್ಪ ಇದ್ದಿದ್ರೆ," ಎಂದು ಅಷ್ಟಕ್ಕೇ ಇಟ್ಟುಬಿಟ್ಟರು. ಮತ್ತೆ ಹೊಡೆದುಕೊಂಡಿತು. ಮತ್ತೆ ಎತ್ತಲು ಅವನಿಗೆ ಧೈರ್ಯವಾಗಲಿಲ್ಲ. ಫೋನನ್ನು ಆರಿಸಿ ಅಡುಗೆಮನೆಯ ಡ್ರಾಯರಿನಲ್ಲಿಟ್ಟ.

"ಊಟ ಮಾಡ್ತೀಯಾ?"

"ಹಸಿವಿಲ್ಲ," ಎಂದ ಡೆಲ್ಮರ್. ಆದರೂ ಹಂದಿಮಾಂಸದ ಸ್ಯಾಂಡ್‌ವಿಚ್ಚನ್ನು ನಿಂತೇ ತಿಂದ. ಕೂರಲು ಆಗುತ್ತಿರಲಿಲ್ಲ. ಕಿಟಕಿಗೆ ಹೋದ, ಬಾಗಿಲಿಗೆ ಬಂದ, ಮತ್ತೆ ಕಿಟಕಿಗೆ ಹೋದ.

"ಹಂಗೇ ಓಡಾಡ್ತಿದ್ರೆ ನೆಲ ಸವೆಯುತ್ತೆ. ಟೀಚರ್ ಮನೆಗೆ ಹೋಗಿ ನಿಜ ಹೇಳಿ ಬಾ," ಎಂದಳು ಜೋಲೀನ್.

ಒಂದು ಗಂಟೆಗೆ ಅವನು ಆರ್ಡಿಸ್ ಟೀಚರ್ ಮನೆಗೆ ಹೋದ. ಟೀಚರ್ ಇರಲಿಲ್ಲ. ಅವನ ಬೋರ್ಡು ಮಾತ್ರ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ, ಶಿಕ್ಷೆಗೆ ನಿಲ್ಲಿಸಿದ ಹಾಗೆ ನಿಂತಿತ್ತು. ಅವನು ಗಾಡಿ ತಿರುಗಿಸಿ ಜಲ್ಲಿ ರಸ್ತೆಗೆ ಬಂದಾಗ ಹಿಂದೆ ದೂರದಲ್ಲಿ ವರ್ಲನ್‌ನ ಕೆಂಪು ಪಿಕಪ್ ಕಾಣಿಸಿತು. ಹಾರನ್ ಹೊಡೆಯುತ್ತಿತ್ತು. ವರ್ಲನ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸುತ್ತಿದ್ದ.

"ನಿಲ್ಲೋ ಡೆಲ್ಮರ್. ನೀನ್ ಬೇಕು ನಮಗೆ."

ಡೆಲ್ಮರ್ ವೇಗ ಹೆಚ್ಚಿಸಿದ. ಮುಂದಿನ ತಿರುವಿನಲ್ಲಿ ಇನ್ನೊಂದು ಗಾಡಿ ಸೇರಿಕೊಂಡಿತು, ಆಮೇಲೆ ಮತ್ತೊಂದು. ಒಣಗಿದ ಜಲ್ಲಿ ರಸ್ತೆಯಲ್ಲಿ ತಪ್ಪಿಸಿಕೊಂಡು ಓಡುವುದೆಂದರೆ ಡೋಲು ಬಾರಿಸುತ್ತ ಕಳ್ಳತನಕ್ಕೆ ಹೋದಂತೆ. ಅವನು ಹೋದಲ್ಲೆಲ್ಲ ಧೂಳಿನ ಬಾಲವೊಂದು ಮೈಲಿ ದೂರಕ್ಕೆ ಕಾಣುತ್ತಿತ್ತು. ಸ್ಮಶಾನದ ಹಿಂದೆ ಹೋದ, ಧೂಳು ಕೂತಿತು, ಗಾಡಿಗಳು ಬಂದವು. ಕಾಳು ತುಂಬುವ ಕಣಜಗಳ ನಡುವೆ ನುಸುಳಿದ, ಒಂದು ನಾಯಿ ಬೊಗಳಿ ಅವನ ಜಾಗ ಹೇಳಿಕೊಟ್ಟಿತು. ಕೊನೆಗೆ ಡಾಂಬರು ರಸ್ತೆ ಹತ್ತಿ, ಹಿಂದೆ ನೋಡದೆ ಇಪ್ಪತ್ತೆರಡು ಮೈಲಿ ಓಡಿಸಿ, ಜಿಲ್ಲಾಕೇಂದ್ರವಾದ ಕ್ಲಿಯರ್ ಫೋರ್ಕಿನ ದೊಡ್ಡ ಬೀದಿಯಲ್ಲಿ ಗಾಡಿ ನಿಲ್ಲಿಸಿದ. ಬೆನ್ನಟ್ಟಿ ಬಂದವರೆಲ್ಲ ಅವನ ಜೊತೆ ಶಾಲೆಗೆ ಹೋದವರು. ಅವನ ತಾಯಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು.

ತಲೆಯೆತ್ತಿದಾಗ ಎದುರಿಗೇ ಪೈಪ್‌ಲೈನ್ ಕಂಪನಿಯ ಕಚೇರಿ ಇತ್ತು.

ಡೆಲ್ಮರ್‌ಗೆ ಜೀವಮಾನದಲ್ಲಿ ಅಪರೂಪಕ್ಕೆ ಹುಟ್ಟುವ ಧೈರ್ಯ ಆಗ ಹುಟ್ಟಿತು. ಅಂಚೆಯ ಚೀಟಿ ಹೋದರೆ ಹೋಗಲಿ. ಕಾಗದ ಕಳಿಸಿದವರಿಗೇ ಕಾಗದವನ್ನು ಮುಖದ ಮೇಲೆ ಹಾಕಿ ಬಂದರಾಯಿತು.

ಕಚೇರಿ ಮೊದಲು ಚಪ್ಪಲಿ ಅಂಗಡಿಯಾಗಿತ್ತು. ಕಾಲಿನ ಅಳತೆ ತೆಗೆಯುವ ಸ್ಟೂಲು ಇನ್ನೂ ಅಲ್ಲೇ ಇತ್ತು. ಟ್ರೆಂಟ್ ಎಂಬ ಏಜೆಂಟ್ ಅದರ ಮೇಲಿಂದ ಎದ್ದು ಎರಡೂ ಕೈಯಿಂದ ಡೆಲ್ಮರ್‌ನ ಕೈ ಹಿಡಿದುಕೊಂಡ.

"ಕೂತ್ಕೊಳ್ಳಿ ಸಾರ್. ಹದಿನಾಲ್ಕು ತಿಂಗಳಾಯ್ತು ನಾನಿಲ್ಲಿ ಕೂತು. ಈ ಬಾಗಿಲು ತಳ್ಕೊಂಡು ಬಂದ ಮೊದಲನೇ ರೈತರು ನೀವು. ಕಾಫಿ?"

"ಕಾಫಿ ಬೇಡ," ಎಂದ ಡೆಲ್ಮರ್. ಇಷ್ಟು ಖಡಾಖಂಡಿತವಾಗಿ ಅವನು ಯಾವುದನ್ನೂ ಬೇಡ ಅಂದಿರಲಿಲ್ಲ. "ಈ ಕಾಗದ ನಿಮ್ದು. ನಾನು ತಗೊಂಡಿಲ್ಲ. ತಗೊಂಡಿದ್ರೂ ತಗೊಂಡಿಲ್ಲ. ವಾಪಸ್ ತಗೊಳ್ಳಿ."

ಟ್ರೆಂಟ್ ಕಾಗದದ ಮೇಲಿನ ಹೆಸರು ನೋಡಿದ. "ಡೆಲ್ಮರ್ ಏಲರ್ಸ್. ಅಂದ್ರೆ ಇವತ್ತು ಬೆಳಗ್ಗೆ ಸಹಿ ಹಾಕಿದ್ದು ನೀವೇ. ಅಂಚೆಯವರ ವೆಬ್‌ಸೈಟಲ್ಲಿ ಆಗ್ಲೇ ಬಂದಿದೆ."

"ಮರಿಗೆ ಅಂತ ಹಾಕಿದ್ದು."

"ಒಂದೇ ನಿಮಿಷ," ಎಂದು ಟ್ರೆಂಟ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ಫೋನಿನಲ್ಲಿ ಪಿಸುಗುಡುವುದು, ಆಮೇಲೆ ಸ್ವಲ್ಪ ನಗುವುದು ಕೇಳಿಸಿತು. ಒಂದು ನಿಮಿಷ ಕಾಲು ಗಂಟೆಯಾಯಿತು. ಹೊರಬಂದಾಗ ಅವನ ಬಾಯಲ್ಲಿ ಹಲ್ಲುಗಳು ಮೊದಲಿಗಿಂತ ಹೆಚ್ಚಾದಂತೆ ಕಂಡವು.

"ಮೇಲಿನವರ ಹತ್ರ ಮಾತಾಡ್ದೆ. ನಿಮ್ಮಂಥೋರಿಗೆ ತೊಂದ್ರೆ ಕೊಡೋದು ಕಂಪನಿಗೆ ಇಷ್ಟ ಇಲ್ಲ. ನಿಮ್ಮ ನೋಟೀಸನ್ನ ನಾವೇ ವಾಪಸ್ ತಗೋತೀವಿ. ನಿಮ್ಮ ಹೊಲ ಅಳೆಯೋಕೆ ಯಾರೂ ಬರಲ್ಲ. ಬರವಣಿಗೇಲಿ ಕೊಡ್ತೀನಿ, ಊರಲ್ಲಿ ತೋರಿಸಿ."

ಡೆಲ್ಮರ್ ಬೈಯಲು ಸಿದ್ಧವಾಗಿ ಬಂದಿದ್ದ. ಈಗ ಆ ಬೈಗುಳವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಇಡೀ ದಿನದಲ್ಲಿ ಅವನನ್ನು ಮನುಷ್ಯನಂತೆ ಕಂಡವನು ಇವನೊಬ್ಬನೇ ಎಂಬುದು ನೆನಪಾಯಿತು.

ಯಂತ್ರದಿಂದ ಕಾಗದ ಬಂತು. "ಇದು ನಿಮಗೆ ತಲುಪಿತು ಅಂತ ಇಲ್ಲೊಂದು," ಎಂದ ಟ್ರೆಂಟ್.

ಡೆಲ್ಮರ್ ಪೆನ್ನು ಹಿಡಿದವನು ನಿಂತ. ಬೆಳಗ್ಗೆಯ ಪಾಠ ಮರೆತಿರಲಿಲ್ಲ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಪದ ಓದಿದ. "ರೈತರ ಸ್ವಂತ ಕೋರಿಕೆಯ ಮೇರೆಗೆ ನೋಟೀಸನ್ನು ಹಿಂಪಡೆಯಲಾಗಿದೆ. ಅದು ಅವರಿಗೆ ತಲುಪಿಲ್ಲವೆಂದೇ ಭಾವಿಸತಕ್ಕದ್ದು." ಹೊಲ ಕೊಟ್ಟೆ ಎಂದು ಎಲ್ಲೂ ಇರಲಿಲ್ಲ. ಹಿಂದೆ ತಿರುಗಿಸಿ ನೋಡಿದ. ಅಲ್ಲೂ ಇರಲಿಲ್ಲ. ಪೂರ್ತಿ ಓದಿ, ಪೂರ್ತಿ ಅರ್ಥ ಮಾಡಿಕೊಂಡು, ಅರವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ತಿಳಿದು ಸಹಿ ಹಾಕಿದ.

ಐದು ಗಂಟೆಗೆ ಚರ್ಚಿನ ನೆಲಮಾಳಿಗೆಯಲ್ಲಿ ಸಂಘದ ತುರ್ತು ಸಭೆ ಎಂದು ಚರ್ಚಿನ ಬಾಗಿಲಿಗೆ ಅಂಟಿಸಿದ್ದನ್ನು ಊರಿಗೆ ಮರಳುವಾಗ ಅವನು ಕಂಡ. ಅದು ತನ್ನನ್ನು ಹೊರಹಾಕಲು ಕರೆದ ಸಭೆ ಎಂಬುದರಲ್ಲಿ ಡೆಲ್ಮರ್‌ಗೆ ಅನುಮಾನವಿರಲಿಲ್ಲ. ಬೆಳಗ್ಗೆ ಆಗಿದ್ದರೆ ಅತ್ತ ತಲೆ ಹಾಕುತ್ತಿರಲಿಲ್ಲ. ಈಗ ಜೇಬಿನಲ್ಲಿ ಕಾಗದವಿತ್ತು. ಮೆಟ್ಟಿಲು ಇಳಿದು, ಬಾಗಿಲು ತಳ್ಳಿ, ಎದೆಯುಬ್ಬಿಸಿ ಒಳಗೆ ಕಾಲಿಟ್ಟ.

ಎಂಬತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಡೆಲ್ಮರ್ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಚಪ್ಪಾಳೆ ತನಗೇ.

"ಇಡೀ ಮಧ್ಯಾಹ್ನ ಅಟ್ಟಿಸ್ಕೊಂಡು ಬಂದೆ ಕಣಯ್ಯ," ಎಂದು ವರ್ಲನ್ ಬೆನ್ನಿಗೆ ಗುದ್ದಿದ. "ಯಾಕ್ ಹಂಗೆ ಓಡಿದ್ದು? ನನ್ನ ಟೈರೇ ಹೋಯ್ತು."

ಆರ್ಡಿಸ್ ಟೀಚರ್ ಬಂದು ಅವನನ್ನು ಅಪ್ಪಿಕೊಂಡರು. ನಾಲ್ಕನೇ ಕ್ಲಾಸಿನಲ್ಲಿ ಅವರ ಅಡಿಕೋಲಿನ ಹೊಡೆತ ತಿಂದವನಿಗೆ ಇದು ಇನ್ನೂ ಹೆಚ್ಚು ಹೆದರಿಕೆ ತಂದಿತು. "ಬೋರ್ಡು ವಾಪಸ್ ನೆಡಿಸ್ತೀನಿ, ಡೆಲ್ಮರ್. ನನ್ನದೇ ತಪ್ಪು," ಎಂದರು. ಉದ್ದನೆಯ ಮೇಜಿನ ಮೇಲೆ, ಹಸಿರು ಜೆಲ್ಲಿಯ ತಟ್ಟೆಗಳ ನಡುವೆ, ಬಾಗಿಲಿನಷ್ಟು ಅಗಲದ ನಿಂಬೆಹಣ್ಣಿನ ಕೇಕು. ಮೇಲೆ ಹಳದಿ ಕ್ರೀಮಿನಲ್ಲಿ "ಥ್ಯಾಂಕ್ಸ್ ಡೆಲ್ಮರ್" ಎಂದು ಬರೆದಿತ್ತು.

ವಕೀಲೆ ಮಾರ್ಗಿಟ್ ಕುರ್ಚಿಯ ಮೇಲೆ ಹತ್ತಿ ನಿಂತಳು. ಅವಳ ಕಣ್ಣು ಹೊಳೆಯುತ್ತಿತ್ತು.

"ಈಗ ಬಂದೋರಿಗೆ ಇನ್ನೊಂದ್ಸಲ ಹೇಳ್ತೀನಿ. ಇವತ್ತು ಹನ್ನೊಂದು ಗಂಟೆಗೆ ಕೋರ್ಟಿನ ತೀರ್ಪು ಬಂತು. ನಾವು ಸೋತ್ವಿ. ಕಂಪನಿ ಕಾಗದ ಕಳಿಸಿದ್ರೆ ಸಾಕು, ನೀವು ವಾಪಸ್ ಕಳಿಸಿದ್ರೂ ಲೆಕ್ಕಕ್ಕೆ ಬರುತ್ತೆ, ಸೋಮವಾರದಿಂದ ಹೊಲ ಅಳೀಬಹುದು ಅಂತ ಜಡ್ಜ್ ಬರೆದಿದ್ದಾರೆ. ಇನ್ನೂ ಒಂದು ಬರೆದಿದ್ದಾರೆ. ಈ ಕಾನೂನೇ ತಪ್ಪು ಅಂತ ಯಾರಾದ್ರೂ ತಡೆಯಾಜ್ಞೆ ಕೇಳ್ಬೇಕಾದ್ರೆ, ಕಾಗದ ಕೈಯಾರೆ ತಗೊಂಡೋರೇ ಬರಬೇಕು. ತಗೊಳ್ದೆ ಇರೋರಿಗೆ ದೂರೋ ಹಕ್ಕಿಲ್ಲ." ಅವಳು ಉಸಿರು ತೆಗೆದುಕೊಂಡಳು. "ಹದಿನಾಲ್ಕು ತಿಂಗಳು ವಾಪಸ್ ಕಳಿಸಿ ಕಳಿಸಿ ನಮ್ಮ ಬಾಗಿಲು ನಾವೇ ಮುಚ್ಕೊಂಡಿದ್ವಿ. ನಾನು ಅಳ್ತಾ ಕೂತಿದ್ದೆ. ಆಗ ಟೀಚರ್ ಫೋನ್ ಮಾಡಿ ಡೆಲ್ಮರ್‌ನ ಬೈಯೋಕೆ ಶುರು ಮಾಡಿದ್ರು. ಇಡೀ ಜಿಲ್ಲೇಲಿ ಕಾಗದ ತಗೊಂಡು ಸಹಿ ಹಾಕಿರೋ ರೈತರು ಇವರೊಬ್ಬರೇ. ಇವರ ಹೆಸರಲ್ಲಿ ನಾಳೆ ಬೆಳಗ್ಗೆ ಅರ್ಜಿ ಹಾಕಿದ್ರೆ ಸೋಮವಾರ ಒಬ್ಬ ಅಳತೆಯವನೂ ಬರೋಹಾಗಿಲ್ಲ. ಕಂಪನಿಯವರು ಇವರನ್ನ ಹುಡುಕೋಕೆ ಮುಂಚೆ ನಮಗೆ ಸಿಕ್ಕಿದ್ರಲ್ಲ, ಅಷ್ಟೇ ಸಾಕು."

ಮತ್ತೆ ಚಪ್ಪಾಳೆ. "ಮಾತಾಡು ಡೆಲ್ಮರ್," ಎಂದು ಯಾರೋ ಕೂಗಿದರು.

ಡೆಲ್ಮರ್‌ನ ಕೈ ಜೇಬಿಗೆ ಹೋಯಿತು, ಹೊರಬಂತು, ಮತ್ತೆ ಹೋಯಿತು. ಕೊನೆಗೆ ಕಾಗದವನ್ನು ತೆಗೆದು, ತಪ್ಪು ಲೆಕ್ಕ ತೋರಿಸುವ ಹುಡುಗನಂತೆ ಮಾರ್ಗಿಟ್ ಕೈಗೆ ಕೊಟ್ಟ.

ಅವಳು ಓದಿದಳು. ಕುರ್ಚಿಯಿಂದ ಮೆಲ್ಲಗೆ ಇಳಿದು ಅದೇ ಕುರ್ಚಿಯ ಮೇಲೆ ಕೂತಳು.

"ಕಾಗದ ತಲುಪೇ ಇಲ್ಲ ಅಂತ ನೀವೇ ಸಹಿ ಹಾಕಿದೀರ. ಇದನ್ನ ಬಲವಂತ ಮಾಡಿ ಬರೆಸ್ಕೊಂಡ್ರಾ?" ಅವಳ ದನಿಯಲ್ಲಿ ಕೊನೆಯ ಆಸೆಯೊಂದಿತ್ತು.

"ಇಲ್ಲಮ್ಮ. ನಾನೇ ಹೋಗಿದ್ದು."

"ಓದ್ದೆ ಸಹಿ ಹಾಕಿದ್ರಾ?"

"ಇಲ್ಲ," ಎಂದ ಡೆಲ್ಮರ್. "ಈ ಸಲ ಬೆರಳಿಟ್ಟು ಪೂರ್ತಿ ಓದ್ದೆ."

ಕಾಗದ ಕೈಯಿಂದ ಕೈಗೆ ಹೋಯಿತು. ಆರ್ಡಿಸ್ ಟೀಚರ್ ಓದಿ ಕನ್ನಡಕ ತೆಗೆದು ಒರೆಸಿದರು. ವರ್ಲನ್ ಓದುವುದು ಎಲ್ಲರಿಗಿಂತ ನಿಧಾನ. ಓದುತ್ತ ಓದುತ್ತ ಅವನ ಕುತ್ತಿಗೆ ಕೆಂಪಾಯಿತು.

"ಅಂದ್ರೆ," ಎಂದ ವರ್ಲನ್, "ಸೋಮವಾರ ನನ್ನ ಹೊಲಕ್ಕೆ ಬರ್ತಾರೆ. ಟೀಚರ್ ಹೊಲಕ್ಕೆ ಬರ್ತಾರೆ. ಇಲ್ಲಿರೋರೆಲ್ಲರ ಹೊಲಕ್ಕೂ ಬರ್ತಾರೆ. ನಿನ್ನದೊಂದು ಬಿಟ್ಟು."

ಡೆಲ್ಮರ್‌ಗೆ ಅದು ಹೊಳೆದಿರಲಿಲ್ಲ. ಈಗ ಹೊಳೆಯಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜನ ತಟ್ಟೆ ಎತ್ತಿಕೊಂಡರು. ಮಾಡಿದ ಅಡುಗೆ ಹಾಳಾಗಬಾರದಲ್ಲ. ಆರ್ಡಿಸ್ ಟೀಚರ್ ಚಾಕು ಹಿಡಿದು ಕೇಕನ್ನು ಒಂದು ಕೊನೆಯಿಂದ ಕೊಯ್ಯತೊಡಗಿದರು. ಸಾಲು ಮುಂದೆ ಸರಿಯಿತು. ಒಬ್ಬೊಬ್ಬರೂ ಅಂಚಿನ ತುಂಡು, ಅವನ ಹೆಸರಿಲ್ಲದ ತುಂಡು ಆರಿಸಿಕೊಂಡು, ಡೆಲ್ಮರ್‌ನ ಕಡೆ ನೋಡದೆ, ಅವನಿಂದ ದೂರದ ಕುರ್ಚಿಗಳಿಗೆ ಹೋಗಿ ಕೂತರು. ಮಾರ್ಗಿಟ್ ಮೂಲೆಯಲ್ಲಿ ಕಂಪ್ಯೂಟರ್ ತೆಗೆದು ಬೇರೇನು ದಾರಿಯಿದೆಯೆಂದು ಹುಡುಕುತ್ತಿದ್ದಳು.

ಕೊನೆಗೆ ದೊಡ್ಡ ತಟ್ಟೆಯಲ್ಲಿ ಉಳಿದದ್ದು ನಡುವಿನ ಒಂದೇ ತುಂಡು. ಅದರ ಮೇಲೆ ಅವನ ಹೆಸರು, ಒಂದಕ್ಷರವೂ ಅಳಿಸದೆ, ಹಳದಿಯಾಗಿ ಹೊಳೆಯುತ್ತಿತ್ತು.

ಟೀಚರ್ ಅದನ್ನು ಎತ್ತಿ ಅವನ ಕೈಗೆ ಕೊಟ್ಟರು.

"ತಗೋ," ಎಂದರು. "ಇದು ಯಾರಿಗೂ ಬೇಡ್ವಂತೆ."

ಡೆಲ್ಮರ್‌ಗೆ ಬೇಡ ಅನ್ನಲು ಆಗಲಿಲ್ಲ. ಗೋಡೆಯ ಕಡೆಗೆ ತಿರುಗಿ ನಿಂತು, ಮೊದಲಕ್ಷರದಿಂದ ತಿನ್ನಲು ಶುರುಮಾಡಿದ.